ಅರೆಮಂಡಿಯಲ್ಲಿ ಕಾಲು ನಡುಗುದು ಯಾಕೆ? ಡ್ಯಾನ್ಸ್ ಎಕ್ಸಾಮಿನ ಟೆನ್ಶನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳುದಾದ್ರೆ

ನಮ್ಮ ಅಕ್ಕನ ಮಗಳು ಊರಿನ ಜಾತ್ರೆಯಲ್ಲಿ ಅಷ್ಟು ಜನರ ಎದುರು ಕುಣಿದವಳು, ಮಧ್ಯದಲ್ಲಿ ಕರೆಂಟ್ ಹೋಗಿ ಹಾಡು ನಿಂತಾಗ ಸಹ ಜನರೇಟರ್ ಶುರು ಆಗುವ ತನಕ ಹಿಡಿದ ಪೋಸ್ ಬಿಡದೆ ನಿಂತವಳು. ಅದೇ ಹುಡುಗಿಗೆ ಮೊನ್ನೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಭರತನಾಟ್ಯ ಸೀನಿಯರ್ ಎಕ್ಸಾಮಿನ ಟೈಮ್‌ಟೇಬಲ್ ಬಂದದ್ದೇ ಬಂದದ್ದು, ರಾತ್ರಿ ನಿದ್ರೆ ಇಲ್ಲ, ಬೆಳಿಗ್ಗೆ ನೀರ್‌ದೋಸೆ ಒಂದು ತಿಂದ್ರೆ ಹೆಚ್ಚು, "ಚಿಕ್ಕಿ, ನಂಗೆ ಅಲ್ಲಿ ಎಲ್ಲ ಮರ್ತು ಹೋಗ್ತದೆ" ಅಂತ ದಿನಕ್ಕೆ ಹತ್ತು ಸಲ. ಅಕ್ಕನಿಗೆ ತಲೆಗೆ ಹೋಗದ್ದು ಇದೇ, ಇಡೀ ಜಾತ್ರೆ ಎದುರು ಇಲ್ಲದ ಪೋಡಿಗೆ ಒಂದು ಮೇಜಿನ ಹಿಂದೆ ಕೂತ ಪರೀಕ್ಷಕರ ಎದುರು ಎಲ್ಲಿಂದ ಬರ್ತದೆ? (ಪೋಡಿಗೆ ಅಂದ್ರೆ ತುಳುವಲ್ಲಿ ಹೆದರಿಕೆ, ಘಟ್ಟದ ಮೇಲಿನವರಿಗೆ ಗೊತ್ತಿರ್ಲಿ ಅಂತ ಹೇಳಿದ್ದು.)

ಮಂಗಳೂರು ಉಡುಪಿ ಕಡೆ ಗಲ್ಲಿಗೊಂದು ಡ್ಯಾನ್ಸ್ ಕ್ಲಾಸ್ ಉಂಟು, ಹಾಗಾಗಿ ಈ ಪ್ರಶ್ನೆ ನಮ್ಮ ಮನೆಯದ್ದು ಮಾತ್ರ ಅಲ್ಲ. ಬುಡದಿಂದಲೇ ನೋಡುವ. (ಮೇಲೆ ಹೇಳಿದ ಅರೆಮಂಡಿ ಅಂದ್ರೆ ಮೊಣಕಾಲು ಹೊರಕ್ಕೆ ಮಡಚಿ ಅರ್ಧ ಕೂತ ಭಂಗಿ.)

ಮೊದ್ಲು, ಈ ಎಕ್ಸಾಮ್ ಅಂದ್ರೆ ಎಂತ

ಕರ್ನಾಟಕದಲ್ಲಿ ಭರತನಾಟ್ಯಕ್ಕೆ ಸರಕಾರಿ ಲೆಕ್ಕದ ಎಕ್ಸಾಮ್ ಮೆಟ್ಟಿಲು ಮೆಟ್ಟಿಲಾಗಿ ಉಂಟು: ಜೂನಿಯರ್, ಸೀನಿಯರ್, ಆಮೇಲೆ ವಿದ್ವತ್ ಪೂರ್ವ, ವಿದ್ವತ್ ಅಂತಿಮ. ಹೆಸರಿನ ಹಿಂದೆ ವಿದ್ವಾನ್, ವಿದುಷಿ ಅಂತ ಹಾಕಿಕೊಳ್ಳುದು ಈ ಕೊನೆಯದ್ದು ಪಾಸಾದ ಮೇಲೆ. ಹಿಂದೆ ಇದನ್ನೆಲ್ಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸ್ತಿತ್ತು, ಈಗ ಮೈಸೂರಿನ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯದ ಕೈಯಲ್ಲಿ ಉಂಟು.

ಇದರಲ್ಲಿ ಎರಡು ಭಾಗ. ಒಂದು ಪ್ರಾಕ್ಟಿಕಲ್, ಅಂದ್ರೆ ಅಡವು (ಕೈಕಾಲು ಸೇರಿಸಿ ಮಾಡುವ ಮೂಲ ಹೆಜ್ಜೆಗಳು), ಅಲರಿಪು, ಜತಿಸ್ವರ, ಮೇಲಿನ ಹಂತಕ್ಕೆ ಹೋದ ಹಾಗೆ ವರ್ಣ, ಪದ ಅನ್ನುವ ನೃತ್ಯಗಳು ಎಲ್ಲ ಕುಣಿದು ತೋರಿಸ್ಲಿಕ್ಕೆ, ನಡುವೆ ನಡುವೆ ಪರೀಕ್ಷಕರು ಕೇಳಿದ್ದಕ್ಕೆ ಕೈಯಲ್ಲಿ ತಾಳ ಹಾಕಿ ಬಾಯಲ್ಲಿ ಸೊಲ್ಲುಕಟ್ಟು ಹೇಳ್ಲಿಕ್ಕೆ. ಸೊಲ್ಲುಕಟ್ಟು ಅಂದ್ರೆ ಆ "ತೈ ಯಾ ತೈ" ಅಂತ ಹೇಳುದಲ್ವಾ, ಅದು. ಇನ್ನೊಂದು ಥಿಯರಿ. ನಂದಿಕೇಶ್ವರನ ಅಭಿನಯ ದರ್ಪಣ ಅನ್ನುವ ಹಳೇ ಸಂಸ್ಕೃತ ಗ್ರಂಥದಲ್ಲಿ ಬರುವ ಒಂದು ಕೈಯ 28 ಮುದ್ರೆಗಳು, 9 ಶಿರೋಭೇದ (ತಲೆಯ ಚಲನೆ), 8 ದೃಷ್ಟಿಭೇದ (ಕಣ್ಣಿನದ್ದು), 4 ಗ್ರೀವಾಭೇದ (ಕುತ್ತಿಗೆಯದ್ದು), ಏಳು ತಾಳಕ್ಕೆ ಐದು ಜಾತಿ (ತಾಳದಲ್ಲಿ ಜಾತಿ ಅಂದ್ರೆ ಎಣಿಕೆಯ ಬಗೆ) ಸೇರಿಸಿ 35 ತಾಳ, ಪ್ರತಿ ಮುದ್ರೆಯ ವಿನಿಯೋಗ ಅಂದ್ರೆ ಅದನ್ನು ಎಲ್ಲೆಲ್ಲ ಬಳಸ್ತಾರೆ ಅನ್ನುವ ಶ್ಲೋಕ ಬೇರೆ. ಎಂಟನೇ ಕ್ಲಾಸಿನ ಮಗುವಿಗೆ ಇದು ಸಣ್ಣ ಗಂಟಲ್ಲ ಮಾರ್ರೆ, ಅದೂ ಶಾಲೆಯ ಟೆಸ್ಟಿನ ಒಟ್ಟಿಗೆ.

ಸ್ಟೇಜಲ್ಲಿ ಇಲ್ಲದ ಹೆದರಿಕೆ ಇಲ್ಲಿ ಯಾಕೆ

ಸ್ಟೇಜ್ ಮೇಲೆ ಮುಖಕ್ಕೆ ಲೈಟ್ ಬೀಳ್ತದೆ, ಎದುರಿನವರು ಕಾಣುದೇ ಇಲ್ಲ. ಮೇಕಪ್ ಉಂಟು, ಆಭರಣ ಉಂಟು, ಅಕ್ಕಪಕ್ಕ ಒಟ್ಟಿಗಿನವರು ಉಂಟು, ಒಂದು ಹೆಜ್ಜೆ ತಪ್ಪಿದ್ರೆ ಪಕ್ಕದವಳನ್ನು ಕಡೆಗಣ್ಣಲ್ಲಿ ನೋಡಿ ಸೇರ್ಕೊಳ್ಬಹುದು. ಹಾಡು ಒಮ್ಮೆ ಶುರುವಾದ್ರೆ ಕೊನೆ ತನಕ ಅದೇ ಎಳ್ಕೊಂಡು ಹೋಗ್ತದೆ.

ಎಕ್ಸಾಮ್ ರೂಮಲ್ಲಿ ಇದೆಲ್ಲ ಉಲ್ಟಾ. ಹಗಲು ಬೆಳಕು, ಟ್ಯೂಬ್‌ಲೈಟ್, ಪ್ರಾಕ್ಟೀಸ್ ಸೀರೆ, ಎರಡು ಮಾರು ದೂರದಲ್ಲಿ ಪರೀಕ್ಷಕರ ಮುಖ, ಅವರ ಕೈಯಲ್ಲಿ ಪೆನ್ನು. ಆ ಪೆನ್ನು ಅಲ್ಲಾಡಿದ ಕೂಡ್ಲೇ ಮಕ್ಕಳು ಅಂದ್ಕೊಳ್ಳುದು ತಪ್ಪು ಬರೆದ್ರು ಅಂತ. ನಿಜಕ್ಕೆ ಅವರು ಒಬ್ಬೊಬ್ಬರಿಗೆ ಇಷ್ಟಿಷ್ಟು ಕಾಲಮ್ಮಿಗೆ ಅಂಕ ತುಂಬಿಸ್ಲೇಬೇಕು, ಚಂದ ಮಾಡಿದ್ರೂ ಪೆನ್ನು ಅಲ್ಲಾಡ್ತದೆ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಬೇರೆ ಉಂಟು, ಇದನ್ನು ಹೆಚ್ಚಿನವರು ಗಮನಿಸುದಿಲ್ಲ. ಸ್ಟೇಜಲ್ಲಿ ಡ್ಯಾನ್ಸ್ ಇಡೀ ಇರ್ತದೆ, ಎಕ್ಸಾಮಲ್ಲಿ ಅದನ್ನು ತುಂಡು ಮಾಡ್ತಾರೆ. "ಸಾಕು, ನಿಲ್ಲು. ಮೂರನೇ ಜತಿಯಿಂದ ಮಾಡು. ಅದರ ಸೊಲ್ಲು ಹೇಳು. ಎರಡನೇ ಕಾಲದಲ್ಲಿ ಹೇಳು. ಈ ಮುದ್ರೆಯ ಹೆಸರೆಂತ?" ಅಂತ. (ಜತಿ ಅಂದ್ರೆ ಸೊಲ್ಲುಗಳ ಒಂದು ಗುಚ್ಛ, ಎರಡನೇ ಕಾಲ ಅಂದ್ರೆ ದುಪ್ಪಟ್ಟು ವೇಗ.) ಮೊದಲಿಂದ ಕೊನೆ ತನಕ ನೂರು ಸಲ ಮಾಡಿದ ಮಗು ಮಧ್ಯದಿಂದ ಒಂದೇ ಒಂದು ಸಲವೂ ಶುರು ಮಾಡಿರುದಿಲ್ಲ.

ಬ್ಯಾಲೆ ಕಲಿಯುವ ಮಕ್ಕಳದ್ದೂ ಇದೇ ಪಾಡು. ಬ್ಯಾಲೆಗೆ ಜಗತ್ತಿನ ಎಷ್ಟೋ ದೇಶದಲ್ಲಿ ನಡೆಯುದು 1920ರಲ್ಲಿ ಲಂಡನ್ನಿನಲ್ಲಿ ಶುರುವಾದ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸಿನ ಎಕ್ಸಾಮ್. ನಂಬರ್ ಬರೆದ ಚೀಟಿ ಪಿನ್ ಮಾಡ್ಕೊಂಡು ಕೆಲವೇ ಮಕ್ಕಳು ಒಟ್ಟಿಗೆ ಒಳಗೆ ಹೋಗುದು, ಟೀಚರಿಗೆ ಒಳಗೆ ಜಾಗ ಇಲ್ಲ. ನೂರಕ್ಕೆ 40 ಬಂದ್ರೆ ಪಾಸ್, 55 ಬಂದ್ರೆ ಮೆರಿಟ್, 75 ಬಂದ್ರೆ ಡಿಸ್ಟಿಂಕ್ಷನ್. ಮೇಲಿನ ಹಂತಗಳಲ್ಲಿ ಮೊದ್ಲೇ ಕಲಿಸದ ಒಂದು ಹೆಜ್ಜೆಗಳ ಜೋಡಣೆಯನ್ನು ಅಲ್ಲೇ ಹೇಳಿ ಅಲ್ಲೇ ಮಾಡಿಸ್ತಾರೆ. ನಮ್ಮಲ್ಲಿ ಗೆಜ್ಜೆ, ಅಲ್ಲಿ ಪಾಯಿಂಟ್ ಶೂ, ಹೊಟ್ಟೆಯೊಳಗಿನ ಗಡಿಬಿಡಿ ಮಾತ್ರ ಒಂದೇ.

ಇನ್ನೊಂದು ಮಾತು. 2025ರ ಜುಲೈಯಲ್ಲಿ ನಮ್ಮ ಮಂಗಳೂರಿನ ರೆಮೋನಾ ಇವೆಟ್ ಪಿರೇರಾ 170 ಗಂಟೆ ಭರತನಾಟ್ಯ ಮಾಡಿ ರೆಕಾರ್ಡ್ ಮಾಡಿದ್ರಲ್ಲ, ಆ ಮೇಲೆ ಸುಮಾರು ಅಪ್ಪ ಅಮ್ಮಂದಿರು "ಅವಳು ಅಷ್ಟು ದಿನ ಕುಣಿದ್ಲು, ನಿಂಗೆ ಅರ್ಧ ಗಂಟೆಗೆ ಹೆದರಿಕೆಯಾ" ಅಂತ ಮಕ್ಕಳಿಗೆ ಹೇಳುದು ನಾನೇ ಕೇಳಿದ್ದೇನೆ. ಅದು ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದ್ರೆ ಅದು ದೇಹದ, ಮನಸ್ಸಿನ ತಾಳಿಕೆಯ ಪರೀಕ್ಷೆ. ಇಲ್ಲಿ ನಾವು ಮಾತಾಡುದು ತೂಗಿ ನೋಡ್ತಾರೆ ಅನ್ನುವ ಹೆದರಿಕೆಯ ಬಗ್ಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕ್ಲಿಕ್ಕೆ ಆಗುದಿಲ್ಲ.

ಮೈಯೊಳಗೆ ಆಗುದೆಂತ

ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಆನ್ ಆಗ್ತದಲ್ಲ, ಆಗ ಫ್ಯಾನ್, ಲೈಟ್ ಮಾತ್ರ ಉರಿಯುದು, ಗ್ರೈಂಡರ್, ಗೀಸರ್ ಎಲ್ಲ ಬಂದ್. ಇರುವ ಶಕ್ತಿಯನ್ನು ತುರ್ತಿಗೆ ಬೇಕಾದ್ದಕ್ಕೆ ಮಾತ್ರ ಕೊಡುದು. ಹೆದರಿಕೆ ಆದಾಗ ಮೈ ಮಾಡುದೂ ಇದನ್ನೇ. ಎದುರು ಅಪಾಯ ಉಂಟು ಅಂತ ಮೆದುಳಿಗೆ ಅನಿಸಿದ ಕೂಡ್ಲೇ ಕಿಡ್ನಿಯ ಮೇಲೆ ಟೊಪ್ಪಿ ಹಾಗೆ ಕೂತ ಅಡ್ರಿನಲ್ ಅನ್ನುವ ಗ್ರಂಥಿಗಳಿಂದ ಅಡ್ರಿನಲಿನ್ ಹೊರಗೆ ಬರ್ತದೆ, ಸ್ವಲ್ಪ ಹೊತ್ತು ಕಳೆದು ಕಾರ್ಟಿಸೋಲ್ ಸಹ. ಓಡ್ಲಿಕ್ಕೆ ಅಥವಾ ಹೊಡೆದಾಡ್ಲಿಕ್ಕೆ ಬೇಕಾದ ದೊಡ್ಡ ಸ್ನಾಯುಗಳಿಗೆ ರಕ್ತ ಹೆಚ್ಚು ಹೋಗ್ತದೆ, ಹೊಟ್ಟೆಗೆ ಮತ್ತು ಚರ್ಮಕ್ಕೆ ಕಡಿಮೆ ಆಗ್ತದೆ. ಮೆದುಳಿಗೆ ಎದುರು ಇರುದು ಹುಲಿಯಾ, ಕನ್ನಡಕ ಹಾಕಿದ ಪರೀಕ್ಷಕರಾ ಅಂತ ವಿಚಾರಿಸುವಷ್ಟು ಪುರುಸೊತ್ತು ಆಗ ಇರುದಿಲ್ಲ.

ಈಗ ಇದನ್ನೇ ಡ್ಯಾನ್ಸಿಗೆ ಹೊಂದಿಸಿ ನೋಡಿ. ಹೊಟ್ಟೆಗೆ ರಕ್ತ ಕಡಿಮೆ ಆದದ್ದಕ್ಕೆ ಹೊಟ್ಟೆಯೊಳಗೆ ಏನೋ ಹರಿದಾಡಿದ ಹಾಗೆ. ಬೆರಳಿಗೆ ರಕ್ತ ಕಡಿಮೆ ಆದದ್ದಕ್ಕೆ ಬೆರಳು ತಣ್ಣಗೆ, ಮುದ್ರೆ ಹಿಡಿದ್ರೆ ಅಲಪದ್ಮ ಪೂರ್ತಿ ಅರಳುದಿಲ್ಲ. ಬಾಯಿ ಒಣಗಿದ್ದಕ್ಕೆ ಸೊಲ್ಲು ಹೇಳುವಾಗ ನಾಲಗೆ ತೊಡರ್ತದೆ. ಇನ್ನು ತೊಡೆಯ ಸ್ನಾಯುಗಳು ಓಡ್ಲಿಕ್ಕೆ ರೆಡಿಯಾಗಿ ಬಿಗಿದು ನಿಂತಿರ್ತವೆ, ನಾವು ಎಂತ ಮಾಡ್ತೇವೆ, ಓಡುದು ಬಿಟ್ಟು ಅರೆಮಂಡಿಯಲ್ಲಿ ಕೂತು ಅಲ್ಲಾಡದೆ ನಿಲ್ತೇವೆ. ಮೊದ್ಲೇ ಭಾರ ಹೊತ್ತ ಸ್ನಾಯುವಿಗೆ ಮೇಲಿಂದ ಅಡ್ರಿನಲಿನ್, ನಡುಗದೆ ಇರ್ತದಾ? ಕಾಲು ನಡುಗಿದ್ದು ಅಭ್ಯಾಸ ಸಾಲದ್ದಕ್ಕೆ ಅಂತ ಮಕ್ಕಳು ತಿಳ್ಕೊಳ್ತಾರೆ, ಅದಕ್ಕೆ ಇನ್ನೂ ಹೆದರ್ತಾರೆ, ಇನ್ನೂ ನಡುಗ್ತದೆ.

ನೆನಪು ಒಂದಲ್ಲ, ಎರಡು

ನನ್ನ ಜೂನಿಯರ್ ಎಕ್ಸಾಮಿನ ಕಥೆ ಇಲ್ಲಿ ಹೇಳ್ಲೇಬೇಕು. ಒಂದು ಕೈಯ ಮುದ್ರೆಗಳನ್ನು ತೋರಿಸ್ತಾ ಹೇಳು ಅಂದ್ರು. ಪತಾಕ, ತ್ರಿಪತಾಕ, ಅರ್ಧಪತಾಕ, ಕರ್ತರೀಮುಖ, ಮಯೂರ, ಅರ್ಧಚಂದ್ರ, ಅರಾಲ, ಶುಕತುಂಡ... ಅಲ್ಲಿಗೆ ನಿಂತಿತು. ಮುಂದೆ ಖಾಲಿ ಗೋಡೆ. ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ, ಪರೀಕ್ಷಕರು ಮೆಲ್ಲಗೆ "ಕೈ ಹೇಳ್ತಾ ಉಂಟಲ್ಲ ಮಗಾ, ನೋಡು" ಅಂದ್ರು. ನೋಡಿದ್ರೆ ನನ್ನ ಬಲಗೈ ತನ್ನಷ್ಟಕ್ಕೆ ಮುಚ್ಚಿ ಮುಷ್ಟಿ ಹಿಡಿದಿತ್ತು. ಒಂಬತ್ತನೇ ಮುದ್ರೆ ಮುಷ್ಟಿಯೇ! ಕೈಗೆ ಗೊತ್ತುಂಟು, ಬಾಯಿಗೆ ಗೊತ್ತಿಲ್ಲ. ಹಾಸ್ಯ ಎಂತದ್ದು ಅಂದ್ರೆ ಕೈ ನೋಡಿದ ಮೇಲೂ ನನಗೆ ಹೆಸರು ಬರ್ಲಿಲ್ಲ.

ಆಗ ನಾಚಿಕೆ ಆಗಿತ್ತು, ಈಗ ಯೋಚನೆ ಮಾಡಿದ್ರೆ ಇಡೀ ವಿಷಯ ಆ ಕೈಯಲ್ಲೇ ಉಂಟು. ನಮ್ಮಲ್ಲಿ ಬಾಯಿಪಾಠದ ನೆನಪು ಬೇರೆ, ಕೈಕಾಲಿನ ನೆನಪು ಬೇರೆ. ಹೆಸರು, ಶ್ಲೋಕ, ಲೆಕ್ಕ ಇದೆಲ್ಲ ಮೊದಲನೆಯದ್ದು. ಸೈಕಲ್ ಬಿಡುದು, ಈಜುದು, ಅಡವು ಹೊಡೆಯುದು ಎರಡನೆಯದ್ದು. ಮೆದುಳಿನಲ್ಲಿ ಇವೆರಡಕ್ಕೆ ಹೆಚ್ಚುಕಡಿಮೆ ಬೇರೆ ಬೇರೆ ಭಾಗಗಳು ಕೆಲಸ ಮಾಡ್ತವೆ. ಹೆದರಿಕೆ ಇವೆರಡನ್ನೂ ಹಾಳು ಮಾಡ್ತದೆ, ಆದ್ರೆ ಮಾಡುವ ರೀತಿ ಒಂದಕ್ಕೊಂದು ಉಲ್ಟಾ.

ಬಾಯಿಪಾಠದ ನೆನಪಿಗೆ ಜಾಗ ಸಾಲುದಿಲ್ಲ. ಅಡುಗೆಮನೆಯ ಕಟ್ಟೆ ಅಂದ್ಕೊಳ್ಳಿ. ಡಬ್ಬಿ ಎಲ್ಲ ಕಪಾಟಲ್ಲಿ ಉಂಟು, ಅಂದ್ರೆ ಕಲಿತದ್ದು ಎಲ್ಲೂ ಹೋಗ್ಲಿಲ್ಲ. ಆದ್ರೆ ತೆಗೆದು ಇಟ್ಟು ಕೆಲಸ ಮಾಡ್ಲಿಕ್ಕೆ ಕಟ್ಟೆ ಸಣ್ಣದು. ಅದರ ಮೇಲೆ "ಫೇಲಾದ್ರೆ", "ಟೀಚರ್ ಎಂತ ಹೇಳ್ತಾರೆ", "ಅವಳಿಗೆ ಸುಲಭದ ಪ್ರಶ್ನೆ ಬಂತು" ಅಂತ ನಾಲ್ಕು ಚೀಲ ತಂದು ಇಟ್ರೆ ಶುಕತುಂಡದ ಮುಂದಿನ ಡಬ್ಬಿ ಇಡ್ಲಿಕ್ಕೆ ಎಲ್ಲಿ ಜಾಗ? ಹೊರಗೆ ಬಂದು ಚಪ್ಪಲಿ ಹಾಕುವಾಗ ಟಪ್ ಅಂತ ನೆನಪಾಗುದು ಅದಕ್ಕೇ, ಆಗ ಕಟ್ಟೆ ಖಾಲಿ ಆಗಿರ್ತದೆ.

ಕೈಕಾಲಿನ ನೆನಪಿನ ಸಮಸ್ಯೆ ಜಾಗದ್ದಲ್ಲ, ಉಸ್ತುವಾರಿ ಹೆಚ್ಚಾಗುದು. ನಮ್ಮ ಕಡೆ ಬೀಡಿ ಕಟ್ಟುವವರನ್ನು ನೋಡಿದ್ದೀರಲ್ವಾ, ಬಾಯಲ್ಲಿ ಊರ ಸುದ್ದಿ, ಕಣ್ಣು ಟಿವಿಯಲ್ಲಿ, ಕೈ ತನ್ನ ಪಾಡಿಗೆ ಎಲೆ ಸುತ್ತಿ ನೂಲು ಹಾಕಿ ಆಚೆ ಎಸೆಯುದು. ಅವರ ಹತ್ರ ಹೋಗಿ "ಅಜ್ಜಿ, ಹೆಬ್ಬೆರಳು ಮೊದ್ಲು ಒತ್ತುದಾ, ತೋರುಬೆರಳು ಮೊದ್ಲಾ, ನಿಧಾನಕ್ಕೆ ತೋರಿಸಿ" ಅಂತ ಕೇಳಿ ನೋಡಿ. ಕೈ ತಡೀತದೆ, ಬೀಡಿ ಸೊಟ್ಟ ಆಗ್ತದೆ. ತನ್ನಷ್ಟಕ್ಕೆ ನಡೆಯುವ ಕೆಲಸವನ್ನು ಬುದ್ಧಿ ಬಂದು ಬಿಡಿ ಬಿಡಿ ಮಾಡಿ ನೋಡ್ಲಿಕ್ಕೆ ಶುರು ಮಾಡಿದ್ರೆ ಆಗುದು ಹೀಗೆ. ಎಕ್ಸಾಮಲ್ಲಿ ಮಗು "ಈಗ ಬಲಗಾಲಾ, ಎಡಗಾಲಾ, ಮೊಣಕೈ ಕೆಳಗೆ ಬಂತಾ" ಅಂತ ಯೋಚಿಸ್ತದೆ, ಹತ್ತು ವರ್ಷದಿಂದ ಮಾಡ್ತಾ ಬಂದ ನಾಟಡವು ಅಲ್ಲೇ ತಪ್ತದೆ. ಆಟಗಾರರು ಕೊನೇ ಓವರಲ್ಲಿ, ಪೆನಾಲ್ಟಿ ಕಿಕ್‌ನಲ್ಲಿ ಎಡವುದಕ್ಕೂ ಮನಃಶಾಸ್ತ್ರದವರು ಕೊಡುವ ಒಂದು ವಿವರಣೆ ಇದೇ.

ಹಾಗಾದ್ರೆ "ಗಮನ ಕೊಟ್ಟು ಮಾಡು" ಅನ್ನುವ ಒಂದೇ ಸಲಹೆ ಎರಡಕ್ಕೂ ಆಗುದಿಲ್ಲ ಅಂತ ಆಯ್ತು. ಒಂದಕ್ಕೆ ಕಟ್ಟೆ ಖಾಲಿ ಮಾಡ್ಬೇಕು, ಇನ್ನೊಂದಕ್ಕೆ ಬುದ್ಧಿಗೆ ಬೇರೆ ಕೆಲಸ ಕೊಟ್ಟು ಕಾಲನ್ನು ಅದರ ಪಾಡಿಗೆ ಬಿಡ್ಬೇಕು.

ಟೆನ್ಶನ್ ಪೂರ್ತಿ ಹೋಗ್ಬೇಕಾ?

ಬೇಡ. ಮಂಗಳೂರು–ಉಡುಪಿ ಪ್ರೈವೇಟ್ ಬಸ್ಸಲ್ಲಿ ದಿನಾ ಹೋಗುವವರಿಗೆ ಇದು ಬೇಗ ಅರ್ಥ ಆಗ್ತದೆ. ಟೈಮಿಂಗಿಗೆ ತುಂಬ ಪುರುಸೊತ್ತು ಇದ್ರೆ ಡ್ರೈವರ್ ಪ್ರತಿ ಸ್ಟಾಪಲ್ಲಿ ಜನ ಹುಡುಕ್ತಾ ತೆವಳ್ತಾರೆ, ಒಂದೆರಡು ನಿಮಿಷ ಲೇಟಿದ್ರೆ ಚುರುಕಾಗಿ ನೀಟಾಗಿ ಬಿಡ್ತಾರೆ, ಹತ್ತು ನಿಮಿಷ ಲೇಟಾಗಿ ಹಿಂದಿನ ಬಸ್ ಹಾರ್ನ್ ಹೊಡೀತಾ ಬಂದ್ರೆ ಮಾತ್ರ ಸ್ಟಾಪೂ ಇಲ್ಲ ಬ್ರೇಕೂ ಇಲ್ಲ, ದೇವರೇ ಗತಿ. ಒತ್ತಡ ಮತ್ತು ಕೆಲಸದ ಸಂಬಂಧ ಹೆಚ್ಚುಕಡಿಮೆ ಹೀಗೆ, ನಡುವಿನದ್ದು ಒಳ್ಳೇದು. ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವವರು 1908ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದು ಸಹ ಇದನ್ನೇ, ಕಷ್ಟದ ಕೆಲಸ ಕಲಿಯುವಾಗ ಸಣ್ಣ ಶಾಕೂ ಅಲ್ಲ, ಜೋರು ಶಾಕೂ ಅಲ್ಲ, ನಡುವಿನದ್ದು ಕೊಟ್ಟಾಗ ಇಲಿಗಳು ಬೇಗ ಕಲಿತವು. ಸುಲಭದ ಕೆಲಸಕ್ಕೆ ಜೋರು ಶಾಕಿದ್ರೂ ತೊಂದ್ರೆ ಆಗ್ಲಿಲ್ಲ. ಇದರಲ್ಲಿ ನಮಗೆ ಬೇಕಾದ ವಿಷಯ ಒಂದುಂಟು: ಚೆನ್ನಾಗಿ ರೂಢಿಯಾದ ತಟ್ಟಡವು ಹೆದರಿಕೆಯಲ್ಲೂ ಉಳೀತದೆ, ಮೊನ್ನೆ ಮೊನ್ನೆ ಕಲಿತ ತೀರ್ಮಾನ (ಜತಿಯ ಕೊನೆಗೆ ಬರುವ ಹೆಜ್ಜೆಗಳ ಗುಚ್ಛ) ಹಾರಿ ಹೋಗ್ತದೆ. ಎಕ್ಸಾಮಿಗೆ ಒಂದು ವಾರ ಇರುವಾಗ ಹೊಸ ಐಟಮ್ ತಿದ್ದುವವರು ಇದನ್ನು ಸ್ವಲ್ಪ ನೆನಪಿಟ್ಕೊಳ್ಬೇಕು.

ಹೆದರಿಕೆಗೂ ಹುರುಪಿಗೂ ಮೈಯಲ್ಲಿ ಆಗುದು ಬಹುಪಾಲು ಒಂದೇ, ಎದೆ ಹೊಡ್ಕೊಳ್ಳುದು ಎರಡರಲ್ಲೂ ಉಂಟು. ಹಾರ್ವರ್ಡಿನ ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಅಪರಿಚಿತರ ಎದುರು ಹಾಡ್ಲಿಕ್ಕೆ, ಭಾಷಣ ಮಾಡ್ಲಿಕ್ಕೆ ಹೇಳಿದ್ರು. ಮೊದ್ಲು "ನಂಗೆ ಉತ್ಸಾಹ ಆಗ್ತಾ ಉಂಟು" ಅಂತ ಹೇಳ್ಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾಡಿದ್ರು. ಮಕ್ಕಳಿಗೆ "ಹೆದರ್ಬೇಡ, ಹೆದರ್ಬೇಡ" ಅಂತ ಹೇಳಿ ಹೇಳಿ ಹೊಡ್ಕೊಳ್ಳುವ ಎದೆಯನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಅದಕ್ಕೆ ಬೇರೆ ಹೆಸರು ಕೊಡ್ಲಿಕ್ಕೆ ಆಗ್ತದೆ.

ಥಿಯರಿಗೆ: ಹಾರ್ಲಿಕ್ಸ್ ಬಾಟ್ಲಿ

ಏಳೆಂಟ್ಲಿ ಎಷ್ಟು ಅಂತ ಕೇಳಿದ್ರೆ ಏಳೊಂದ್ಲಿ ಏಳರಿಂದ ಶುರು ಮಾಡುವ ಮಕ್ಕಳಿದ್ದಾರಲ್ಲ, ಮುದ್ರೆಗಳ ಶ್ಲೋಕವೂ ಹಾಗೇ ಬಾಯಿಪಾಠ ಆಗಿರ್ತದೆ, ಸರಪಳಿ ಹಾಗೆ. ಒಂದು ಕೊಂಡಿ ಕಳಚಿದ್ರೆ ಹಿಂದಿನದ್ದೆಲ್ಲ ಉಂಟು, ಮುಂದಿನದ್ದು ಒಂದೂ ಇಲ್ಲ. ನನ್ನ ಶುಕತುಂಡದ ಹಾಗೆ.

ನಮ್ಮನೆಯಲ್ಲಿ ಈಗ ನಡೀತಾ ಇರುವ ಉಪಾಯ ಇದು. 28 ಚೀಟಿಯಲ್ಲಿ 28 ಮುದ್ರೆ ಬರೆದು ಹಳೇ ಹಾರ್ಲಿಕ್ಸ್ ಬಾಟ್ಲಿಗೆ ಹಾಕಿದ್ದೇವೆ. ರಾತ್ರಿ ಊಟಕ್ಕೆ ಮೊದ್ಲು ಐದು ಚೀಟಿ ತೆಗೀಬೇಕು, ಯಾವುದು ಬಂದ್ರೂ ಕೈಯಲ್ಲಿ ಹಿಡಿದು, ಹೆಸರು ಹೇಳಿ, ವಿನಿಯೋಗದಲ್ಲಿ ಮೂರಾದ್ರೂ ಹೇಳ್ಬೇಕು. ಸರಿಯಾದ್ರೆ ಚೀಟಿ ಹೊರಗೆ, ತಪ್ಪಿದ್ರೆ ಮಡಚಿ ವಾಪಸ್ ಬಾಟ್ಲಿಗೆ. ಮೊದಲ ದಿನ ಮೃಗಶೀರ್ಷ ಬಂದಾಗ ಅವಳು ಪತಾಕದಿಂದ ಮನಸ್ಸಲ್ಲೇ ಎಣಿಸ್ಲಿಕ್ಕೆ ಶುರು ಮಾಡಿದ್ದು ತುಟಿ ಅಲ್ಲಾಡುದರಲ್ಲೇ ಗೊತ್ತಾಯ್ತು. ನಾಲ್ಕನೇ ದಿನಕ್ಕೆ ಚೀಟಿ ಬಿಚ್ಚಿದ ಕೂಡ್ಲೇ ಕೈ ರೆಡಿ.

ಪುಸ್ತಕ ನೋಡಿ ಮತ್ತೆ ಮತ್ತೆ ಓದಿದ್ರೆ "ಗೊತ್ತುಂಟು" ಅಂತ ಅನಿಸ್ತದೆ, ಆದ್ರೆ ಅದು ಗುರುತು ಸಿಗುದು ಮಾತ್ರ. ಬಸ್ಸಲ್ಲಿ ದಿನಾ ನೋಡುವ ಮುಖದ ಹಾಗೆ, ಗುರ್ತ ಉಂಟು, ಹೆಸರು ಗೊತ್ತಿಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಸಂಶೋಧಕರು 2006ರಲ್ಲಿ ಇದನ್ನು ಚಂದ ತೋರಿಸಿದ್ದಾರೆ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದೆ ಇದ್ರು, ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪು ಮಾಡಿ ಬರೆದವರು ಮುಂದೆ ಹೋದ್ರು. ಎಕ್ಸಾಮಿನ ಹಿಂದಿನ ರಾತ್ರಿ ನಿದ್ರೆ ಬಿಟ್ಟು ಓದಿದ್ರೆ ಇನ್ನೊಂದು ನಷ್ಟ ಉಂಟು, ಹಗಲು ಕಲಿತದ್ದು ಗಟ್ಟಿಯಾಗುದೇ ನಿದ್ರೆಯಲ್ಲಿ.

ಪ್ರಾಕ್ಟಿಕಲಿಗೆ: ತುಂಡು ಮಾಡಿಯೇ ಅಭ್ಯಾಸ

ಎಕ್ಸಾಮಲ್ಲಿ ತುಂಡು ಮಾಡ್ತಾರೆ ಅಂತಾದ್ರೆ ಮನೆಯಲ್ಲೂ ತುಂಡು ಮಾಡಿಯೇ ಕಲಿಬೇಕಲ್ಲ. ಹಾಡು ಹಾಕಿ, ಎಲ್ಲೋ ಒಂದು ಕಡೆ ಪಾಝ್ ಒತ್ತಿ, "ಇಲ್ಲಿಂದ ಸೊಲ್ಲು ಹೇಳು" ಅನ್ನಿ. ಮೂರನೇ ಜತಿಯಿಂದ, ಕೊನೆಯಿಂದ ಎರಡನೇದ್ದರಿಂದ ಶುರು ಮಾಡಿಸಿ. ಅಮ್ಮನಿಗೆ ಭರತನಾಟ್ಯ ಗೊತ್ತಿಲ್ಲದಿದ್ರೂ ಮೊಬೈಲಲ್ಲಿ ಪಾಝ್ ಒತ್ತುವಷ್ಟು ಗೊತ್ತಿದ್ರೆ ಸಾಕು.

ದಿಕ್ಕು ಬದಲಿಸುದು ಇನ್ನೊಂದು. ಕ್ಲಾಸಲ್ಲಿ ಯಾವಾಗ್ಲೂ ಕಿಟಕಿ ಬಲಕ್ಕೆ, ದೇವರ ಫೋಟೋ ಎದುರು, ಟೀಚರ ತಟ್ಟುಮಣೆ ಎಡಕ್ಕೆ. ನಮಗೆ ಗೊತ್ತಿಲ್ಲದೆ ಹೆಜ್ಜೆಯ ನೆನಪು ಆ ಕಿಟಕಿಗೂ ಅಂಟಿರ್ತದೆ. ಅಕ್ಕನ ಮಗಳು ಎರಡನೇ ಸಾಲಲ್ಲಿ ಒಬ್ಬಳು ಸೀನಿಯರ್ ಅಕ್ಕನ ಹಿಂದೆ ನಿಂತು ನಾಲ್ಕು ವರ್ಷ ಕಲಿತವಳು. ಮನೆಯ ಹಾಲಲ್ಲಿ ಸೋಫಾ ಆಚೆ ದೂಡಿ ಒಬ್ಬಳೇ ಮಾಡು ಅಂದಾಗ ಜತಿಸ್ವರದ ಮಧ್ಯೆ ನಿಂತು ಖಾಲಿ ಜಾಗ ನೋಡಿದ್ಲು, ಅಲ್ಲಿ ಆ ಅಕ್ಕನ ಜಡೆ ಇರ್ಬೇಕಿತ್ತು! ಆ ಮೇಲೆ ಗೋಡೆಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ, ಟೆರೇಸಿನಲ್ಲಿ, ಅಜ್ಜಿ ಮನೆ ಅಂಗಳದಲ್ಲಿ ಅಂತ ಬೇರೆ ಬೇರೆ ಕಡೆ ಮಾಡಿಸಿದೆವು. ಅಜ್ಜಿ ಮಾತ್ರ ಪರೀಕ್ಷಕರಾಗ್ಲಿಕ್ಕೆ ಒಪ್ಲಿಲ್ಲ, ಎಲ್ಲದಕ್ಕೂ ನೂರಕ್ಕೆ ನೂರು ಕೊಡ್ತಾರೆ, ಪ್ರಯೋಜನ ಇಲ್ಲ.

ಬುದ್ಧಿಗೆ ಬೇರೆ ಕೆಲಸ ಕೊಡ್ಬೇಕು ಅಂದೆನಲ್ಲ, ಆ ಕೆಲಸ ಸೊಲ್ಲು. ಕುಣಿಯುವಾಗ ಪಾದ ಎಲ್ಲಿ, ಮೊಣಕೈ ಎಲ್ಲಿ ಅಂತ ಯೋಚಿಸದೆ ಮನಸ್ಸಲ್ಲಿ "ತೈ ಯಾ ತೈ" ಹೇಳ್ತಾ ಇರುದು. ಬುದ್ಧಿ ಸೊಲ್ಲನ್ನು ಹಿಡ್ಕೊಳ್ತದೆ, ಕಾಲು ಸೊಲ್ಲಿನ ಹಿಂದೆ ಹೋಗ್ತದೆ. ಅಡವಿನ ತಿದ್ದುಪಡಿ ಎಲ್ಲ ಕ್ಲಾಸಲ್ಲಿ ಮುಗಿಸಿ ಆಗ್ಬೇಕು, ಎಕ್ಸಾಮ್ ರೂಮ್ ತಿದ್ದುವ ಜಾಗ ಅಲ್ಲ.

ತಪ್ಪಿದ್ರೆ ಎಂತ ಮಾಡುದು ಅನ್ನುದನ್ನೂ ಅಭ್ಯಾಸ ಮಾಡ್ಲಿಕ್ಕೆ ಉಂಟು. ನಿಂತು ನಾಲಗೆ ಕಚ್ಚಿ "ಅಯ್ಯೋ" ಅಂದ್ರೆ ಗಮನಿಸದವರೂ ಗಮನಿಸ್ತಾರೆ. ಅರೆಮಂಡಿ ಬಿಡದೆ, ಕಾಲಲ್ಲಿ ತಟ್ಟು ಮುಂದುವರಿಸಿ, ಮುಂದಿನ ಆವರ್ತದ ಸಮಕ್ಕೆ ಸೇರ್ಕೊಳ್ಳುದು. ಆವರ್ತ ಅಂದ್ರೆ ತಾಳದ ಒಂದು ಸುತ್ತು, ಸಮ ಅಂದ್ರೆ ಅದರ ಮೊದಲ ಹೊಡೆತ, ಆದಿತಾಳದಲ್ಲಿ ಎಂಟು ಅಕ್ಷರಕ್ಕೊಮ್ಮೆ, ಅಂದ್ರೆ ಎಂಟು ಎಣಿಕೆಗೊಮ್ಮೆ ಬರ್ತದೆ. ಬಸ್ ತಪ್ಪಿದ್ರೆ ಅದರ ಹಿಂದೆ ಓಡುದು ಬೇಡ, ಎಂಟು ಅಕ್ಷರಕ್ಕೆ ಇನ್ನೊಂದು ಬಸ್ ಉಂಟು.

ಆ ದಿನ

ಬೇಗ ಹೋಗಿ, ಆದ್ರೆ ತುಂಬ ಬೇಗ ಬೇಡ, ವರಾಂಡದಲ್ಲಿ ಬೇರೆ ಮಕ್ಕಳ "ನಿಂಗೆ ಅದು ಬರ್ತದಾ, ಇದು ಬರ್ತದಾ" ಕೇಳ್ತಾ ಕೂತ್ರೆ ಬಂದದ್ದೂ ಹೋಗ್ತದೆ. ಎರಡು ಗಂಟೆ ಮೊದ್ಲು ಇಡ್ಲಿಯೋ ಅವಲಕ್ಕಿಯೋ ಹಗುರದ್ದು ಏನಾದ್ರೂ ತಿನ್ಬೇಕು, ಖಾಲಿ ಹೊಟ್ಟೆಯಲ್ಲಿ ನಡುಕ ಇನ್ನೂ ಹೆಚ್ಚು. ನಮ್ಮ ಸೆಕೆಗೆ ಬೆವರು ಹೋಗ್ತದೆ, ನೀರೋ ಬೊಂಡವೋ (ಎಳನೀರು) ಸ್ವಲ್ಪ ಸ್ವಲ್ಪ ಕುಡೀತಾ ಇರಿ.

ಪ್ರಾಕ್ಟೀಸ್ ಸೀರೆ ವಿಷಯ ಯಾರೂ ಹೇಳುದಿಲ್ಲ. ಎಕ್ಸಾಮ್ ಅಂತ ಅಮ್ಮಂದಿರು ಆ ದಿನ ಸೊಂಟಕ್ಕೆ ಎಂದಿಗಿಂತ ಬಿಗಿ ಕಟ್ತಾರೆ, ಹೊಟ್ಟೆ ಉಬ್ಬಿಸಿ ಉಸಿರು ತಗೊಳ್ಳಿಕ್ಕೆ ಆಗುದಿಲ್ಲ, ಉಸಿರು ಎದೆಯಲ್ಲೇ ಸಣ್ಣ ಸಣ್ಣ ಆಗ್ತದೆ, ಅದು ಹೆದರಿಕೆಯ ಉಸಿರಿನ ಹಾಗೇ ಇರುದರಿಂದ ಗಾಬರಿ ಇನ್ನೂ ಏರ್ತದೆ. ಕಟ್ಟಿದ ಮೇಲೆ ಒಮ್ಮೆ ಹೊಟ್ಟೆ ತುಂಬ ಉಸಿರು ತೆಗೆದು ನೋಡ್ಬೇಕು.

ಉಸಿರನ್ನು ನಿಧಾನ ಮಾಡ್ಲಿಕ್ಕೆ ಡ್ಯಾನ್ಸ್ ಮಕ್ಕಳಿಗೆ ಆ್ಯಪ್ ಎಲ್ಲ ಬೇಡ, ತಾಳ ಉಂಟಲ್ಲ. ತಿಶ್ರ ಜಾತಿ ತ್ರಿಪುಟ ತಾಳದಲ್ಲಿ ಲಘುವಿಗೆ 3 ಅಕ್ಷರ, ಎರಡು ದ್ರುತಕ್ಕೆ 2 ಮತ್ತು 2, ಒಟ್ಟು 7 (ಲಘು, ದ್ರುತ ಅಂದ್ರೆ ತಾಳದ ಭಾಗಗಳು). ವಿಳಂಬದಲ್ಲಿ, ಅಂದ್ರೆ ನಿಧಾನ ಗತಿಯಲ್ಲಿ, ತೊಡೆ ಮೇಲೆ ಮೆಲ್ಲ ತಾಳ ಹಾಕಿ, ಲಘುವಿಗೆ ಉಸಿರು ಒಳಗೆ, ಎರಡು ದ್ರುತಕ್ಕೆ ಹೊರಗೆ. ಬಿಡುವ ಉಸಿರು ತಗೊಳ್ಳುವ ಉಸಿರಿಗಿಂತ ಉದ್ದ ಇದ್ರೆ ಹೃದಯದ ಬಡಿತ ನಿಧಾನ ಆಗ್ತದೆ, ಯಾಕಂದ್ರೆ ಉಸಿರು ಬಿಡುವಾಗ ಮೈಯನ್ನು ಸಮಾಧಾನ ಮಾಡುವ ವೇಗಸ್ ಅನ್ನುವ ನರದ ಕೆಲಸ ಹೆಚ್ಚಾಗ್ತದೆ. ಹತ್ತು ಆವರ್ತ ಸಾಕು. ತಣ್ಣಗಿನ ಬೆರಳಿಗೆ ಅಂಗೈ ಉಜ್ಜುದು, ಕಾಲಿಗೆ ನಿಧಾನ ಕಾಲದಲ್ಲಿ ಎರಡು ತಟ್ಟಡವು.

ಪ್ರಶ್ನೆಗೆ ಉತ್ತರ ಬರದಿದ್ರೆ ಬಾಯಿ ಮುಚ್ಚಿ ನಿಲ್ಲುದು ಬೇಡ. "ಈಗ ನೆನಪಾಗ್ತಾ ಇಲ್ಲ ಮೇಡಂ, ಆಮೇಲೆ ಹೇಳ್ಬಹುದಾ" ಅಂತ ಕೇಳ್ಲಿಕ್ಕೆ ಏನೂ ತೊಂದ್ರೆ ಇಲ್ಲ. ಕೇಳಿದ ಕೂಡ್ಲೇ ಕಟ್ಟೆ ಮೇಲಿನ ಒಂದು ಚೀಲ ಕೆಳಗಿಳೀತದೆ.

ಇದು ಬರೀ ಎಕ್ಸಾಮ್ ಹೆದರಿಕೆ ಅಲ್ಲ ಅಂತ ಯಾವಾಗ ತಿಳಿಯುದು

ಎಕ್ಸಾಮಿನ ಹಿಂದಿನ ಒಂದೆರಡು ದಿನ ನಿದ್ರೆ ಕಡಿಮೆ ಆಗುದು ಸಾಮಾನ್ಯ. ವಾರಗಟ್ಟಲೆ ನಿದ್ರೆ ಊಟ ತಪ್ಪಿದ್ರೆ, ಪ್ರತಿ ಕ್ಲಾಸಿಗೆ ಹೋಗುವಾಗ ವಾಂತಿ ಆದ್ರೆ, ಉಸಿರು ಕಟ್ಟಿ ಸಾಯ್ತೇನೋ ಅನ್ನುವಷ್ಟು ಗಾಬರಿ ಮತ್ತೆ ಮತ್ತೆ ಬಂದ್ರೆ, ದಪ್ಪ ಕಾಣ್ತೇನೆ ಅಂತ ಊಟ ಬಿಡ್ಲಿಕ್ಕೆ ಶುರು ಮಾಡಿದ್ರೆ, "ನಾನು ಇರ್ಲೇಬಾರ್ದು" ಅನ್ನುವಂಥ ಮಾತು ಬಂದ್ರೆ, ಅದು ಚೀಟಿ, ಬಾಟ್ಲಿಯಲ್ಲಿ ಸರಿ ಆಗುವ ವಿಷಯ ಅಲ್ಲ, ಡಾಕ್ಟ್ರ ಹತ್ರ ಮಾತಾಡ್ಬೇಕು. ಕೇಂದ್ರ ಸರಕಾರದ ಟೆಲಿ ಮಾನಸ್ ಅಂತ ಫೋನ್ ಸೇವೆ ಉಂಟು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ನಂಬರ್ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಮಗುವೇ ಮಾತಾಡ್ಬೇಕು ಅಂತಿಲ್ಲ, ಅಪ್ಪ ಅಮ್ಮ ಸಹ ಕೇಳ್ಬಹುದು.

ಮುಗಿಸಿ ಬರುವಾಗ

ಸ್ಕೂಟರ್ ಸ್ಟಾರ್ಟ್ ಆಗುವ ಮೊದ್ಲೇ "ಎಂತ ಕೇಳಿದ್ರು, ನೀನು ಎಂತ ಹೇಳಿದೆ, ಅಯ್ಯೋ ಅದಾ" ಅಂತ ಶುರು ಮಾಡುವವರು ನಮ್ಮಲ್ಲಿ ಹೆಚ್ಚು. ಆಗಷ್ಟೇ ಹೊರಗೆ ಬಂದ ಮಗುವಿಗೆ ಸರಿ ಮಾಡಿದ ಇಪ್ಪತ್ತು ನೆನಪಿರುದಿಲ್ಲ, ತಪ್ಪಿದ ಒಂದೇ ಕಣ್ಣೆದುರು ಇರ್ತದೆ, ಹಾಗಾಗಿ ಆಗ ಸಿಗುವ ವರದಿ ಅರ್ಧ ಸುಳ್ಳು. ಮೊದ್ಲು ಏನಾದ್ರೂ ತಿನ್ನಿಸಿ. ಗೋಳಿಬಜೆಯ ಎರಡನೇ ಪ್ಲೇಟಿಗೆ ಅವರೇ ಹೇಳ್ಲಿಕ್ಕೆ ಶುರು ಮಾಡ್ತಾರೆ.

ನಮ್ಮವಳದ್ದು ಬರುವ ಆದಿತ್ಯವಾರ. ನಿನ್ನೆ ರಾತ್ರಿಗೆ ಬಾಟ್ಲಿಯಲ್ಲಿ ಉಳಿದದ್ದು ಎರಡೇ ಚೀಟಿ, ಅದರಲ್ಲಿ ಒಂದು ತಾಮ್ರಚೂಡ, ಮೂರು ಸಲ ಬಂದು ಮೂರು ಸಲವೂ ವಾಪಸ್ ಹೋಗಿದೆ. ನಾಲ್ಕನೇ ಸಲ ತೆಗೆದು ನೋಡಿ, "ಇದು ಒಂದು ಬರದಿದ್ರೆ ನಡೀತದಾ ಚಿಕ್ಕಿ?" ಅಂತ ಕೇಳಿದ್ಲು. ನಡೀತದೆ ಅಂದೆ. ಚೀಟಿ ಮಡಚಿ ಬಾಟ್ಲಿಗೆ ಹಾಕಿ, ಎರಡು ನೀರ್‌ದೋಸೆ ಹೆಚ್ಚು ಹಾಕಿಸ್ಕೊಂಡ್ಲು.